ಬೆಲ್ಟ್ ಇದೆ, ಪ್ರಮಾಣಪತ್ರವೂ ಇದೆ. ನಡವಳಿಕೆಯ ನಿಯಮ ಎಲ್ಲಿದೆ? – ಹಾಸನ ಜಿಲ್ಲೆಯ ಸಮರಕಲಾ ಬೋಧಕರು ಮತ್ತು ಪೋಷಕರ ಚರ್ಚೆ

ಸಾಲಗಾಮೆ ರಸ್ತೆಯ ಕರಾಟೆ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾನು ಕರಾಟೆ ಕಲಿಸಲು ಆರಂಭಿಸಿ 21 ವರ್ಷಗಳಾದವು. ಈ ಅವಧಿಯಲ್ಲಿ ಮಗುವನ್ನು ಸೇರಿಸಲು ಬಂದ ತಂದೆ-ತಾಯಂದಿರು ತಿಂಗಳ ಫೀಸು ಎಷ್ಟು, ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ, ಡ್ರೆಸ್ಸು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಮಗುವಿಗೆ ಪೆಟ್ಟಾದರೆ ಏನು ಮಾಡುತ್ತೀರಿ, ನಿಮ್ಮ ಮೇಲೆಯೇ ದೂರಿದ್ದರೆ ಯಾರಿಗೆ ಹೇಳಬೇಕು ಎಂದು ಕೇಳಿದವರು ಇಬ್ಬರೋ ಮೂವರೋ ಇರಬಹುದು. ಕೇಳದಿರುವುದು ಅವರ ತಪ್ಪಲ್ಲ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿರುವ ಪ್ರಮಾಣಪತ್ರದಲ್ಲಿಯೇ ಅದಕ್ಕೆಲ್ಲ ಉತ್ತರವಿದೆ ಎಂದು ಅವರು ನಂಬುತ್ತಾರೆ, ನಾವೂ ಹಾಗೆ ನಂಬಲು ಬಿಟ್ಟಿದ್ದೇವೆ.

ಆ ಪತ್ರದಲ್ಲಿ ನಿಜವಾಗಿ ಏನಿದೆ? ಜೂಡೋ ಕಟ್ಟಿದ ಜಿಗೊರೊ ಕಾನೊ ಅವರು ತಮ್ಮ ಶಿಷ್ಯರಿಗೆ ದಾನ್ ಎಂಬ ಮೇಲಿನ ದರ್ಜೆ ನೀಡಲು ಆರಂಭಿಸಿದ್ದು 1883ರಲ್ಲಿ. ಗಿಚಿನ್ ಫುನಾಕೊಶಿ ಅವರು ಆ ಪದ್ಧತಿಯನ್ನು ಕರಾಟೆಗೆ ತಂದು ಮೊದಲ ಕಪ್ಪು ಪಟ್ಟಿಗಳನ್ನು ಕೊಟ್ಟದ್ದು 1924ರಲ್ಲಿ. ಕಪ್ಪು ಪಟ್ಟಿಯ ಮೊದಲ ದರ್ಜೆಯಾದ ಶೋದಾನ್ ಎಂಬ ಮಾತಿಗೆ ಆರಂಭದ ಮೆಟ್ಟಿಲು ಎಂದೇ ಅರ್ಥ. ಅಂದರೆ ಅದು ಒಬ್ಬನ ಕೈಕಾಲಿನ ಪಳಗುವಿಕೆಗೆ ಸಾಕ್ಷಿಯೇ ಹೊರತು, ಅವನ ಕೈಗೆ ಎಂಟು ವರ್ಷದ ಮಗುವನ್ನು ಒಪ್ಪಿಸಬಹುದು ಎಂಬುದಕ್ಕೆ ಯಾರೂ ಹಾಕಿಕೊಟ್ಟ ಸಹಿಯಲ್ಲ. ಕೊರಿಯಾದ ಸಮರಕಲೆ ಟೇಕ್ವಾಂಡೋದ ಕೇಂದ್ರ ಸಂಸ್ಥೆಯಾದ ಕುಕ್ಕಿವಾನ್ ಈ ವ್ಯತ್ಯಾಸವನ್ನು ಗುರುತಿಸಿ ದಾನ್ ಪ್ರಮಾಣಪತ್ರವನ್ನೇ ಬೇರೆ, ಬೋಧಕರ ಪ್ರಮಾಣಪತ್ರವನ್ನೇ ಬೇರೆಯಾಗಿ ನೀಡುತ್ತದೆ. ನಮ್ಮ ಕಡೆ ಎರಡನ್ನೂ ಒಂದೇ ಎಂದು ತಿಳಿಯಲಾಗಿದೆ. ಬ್ಲ್ಯಾಕ್ ಬೆಲ್ಟ್ ಬಂದ ಮರುತಿಂಗಳೇ ಹುಡುಗನೊಬ್ಬ ಯಾವುದಾದರೂ ಬಡಾವಣೆಯಲ್ಲಿ ಬೋರ್ಡು ಹಾಕಿ ‘ಮಾಸ್ಟರ್’ ಆಗಿಬಿಡುತ್ತಾನೆ. ನಾನೂ ಹಾಗೆಯೇ ಆದವನು.

ಆದ್ದರಿಂದ ಜಿಲ್ಲೆಯ ಬೋಧಕರು ಸ್ವಂತ ಇಚ್ಛೆಯಿಂದ ಸಹಿ ಹಾಕುವ ಒಂದು ಹಾಳೆಯ ನಡವಳಿಕೆ ನಿಯಮವನ್ನು ಸಿದ್ಧಪಡಿಸುತ್ತಿದ್ದೇನೆ. ನಿಲುವು ತಿದ್ದಲು ಮಗುವನ್ನು ಮುಟ್ಟುವ ಮೊದಲು ಹೇಳಿ ಕೇಳಿ ಮುಟ್ಟಬೇಕು. ವಿದ್ಯಾರ್ಥಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸದೆ ಪೋಷಕರ ಗುಂಪಿನಲ್ಲೇ ತಿಳಿಸಬೇಕು. ಶಿಕ್ಷೆಯ ರೂಪದಲ್ಲಿ ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು ಕೂಡದು. ಪರೀಕ್ಷೆಯ ಶುಲ್ಕವನ್ನು ಸೇರುವ ದಿನವೇ ಬರೆದು ಕೊಡಬೇಕು. ಕೊನೆಯದಾಗಿ, ಬೋಧಕನ ಮೇಲೆ ಯಾವುದೇ ದೂರು ಬಂದರೂ ಮೂವರು ಹಿರಿಯ ಬೋಧಕರ ಸಮಿತಿ ಮೊದಲು ವಿಚಾರಣೆ ನಡೆಸಿ, ಸತ್ಯವೆಂದು ಕಂಡುಬಂದರೆ ಮುಂದಿನ ಕ್ರಮಕ್ಕೆ ಕಳುಹಿಸಬೇಕು. ತಿದ್ದಬೇಕಾದುದನ್ನು ತಿದ್ದಿರಿ.

ವಿದ್ಯಾನಗರದ ತಾಯಿ

ಮೇಷ್ಟ್ರೇ, ನನ್ನ ಮಗಳಿಗೆ 11 ವರ್ಷ. ಮೂರು ವರ್ಷಗಳಿಂದ ಕಲಿಯುತ್ತಿದ್ದಾಳೆ. ತಾವು ಬರೆದದ್ದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆ: ಬಾಗಿಲು. ಅವಳು ಮೊದಲು ಹೋಗುತ್ತಿದ್ದ ತರಗತಿಯಲ್ಲಿ (ಅದು ತಮ್ಮದಲ್ಲ, ಹೆಸರು ಇಲ್ಲಿ ಬೇಡ) ಪಾಠ ಶುರುವಾದೊಡನೆ ಬಾಗಿಲು ಹಾಕುತ್ತಿದ್ದರು. ಪೋಷಕರು ಕುಳಿತರೆ ಮಕ್ಕಳ ಗಮನ ಹರಿದುಹೋಗುತ್ತದೆ, ಇದು ಡೋಜೋದ (ಕರಾಟೆ ಕಲಿಸುವ ಜಾಗದ) ಶಿಸ್ತು ಎಂದು ಹೇಳಿದರು. ಶಿಸ್ತು ಎಂದ ಮೇಲೆ ನಾವು ಮರುಮಾತಾಡಲಿಲ್ಲ. ಸಂಗೀತಕ್ಕೋ ಟ್ಯೂಷನ್ನಿಗೋ ಕಳುಹಿಸುವಾಗ ಇಷ್ಟು ಸುಲಭವಾಗಿ ಸುಮ್ಮನಾಗುತ್ತಿರಲಿಲ್ಲವೇನೋ. ಕೆಟ್ಟದ್ದು ಏನೂ ಆಗಲಿಲ್ಲ. ಆದರೆ ಒಂದು ದಿನ ಮಗಳು ಮೊಣಕೈ ಊದಿಸಿಕೊಂಡು ಬಂದು, ಮನೆಯಲ್ಲಿ ಹೇಳಿದರೆ ಹೇಡಿ ಎನ್ನುತ್ತಾರೆಂದು ಎರಡು ದಿನ ಬಾಯಿಬಿಡದೆ ಇದ್ದಳು. ಊತಕ್ಕಿಂತ ಆ ಮೌನವೇ ನನ್ನನ್ನು ಹೆದರಿಸಿತು. ನೋವನ್ನು ತಾಳಿಕೊಳ್ಳುವುದನ್ನು ಕಲಿಸುವ ಭರದಲ್ಲಿ ನೋವನ್ನು ಮುಚ್ಚಿಡುವುದನ್ನೂ ಕಲಿಸಿದರೆ, ನಾಳೆ ಅವಳಿಗೆ ನಿಜವಾಗಿ ತೊಂದರೆಯಾದಾಗ ಅವಳು ಯಾರ ಬಳಿ ಬರುತ್ತಾಳೆ?

ಇನ್ನೊಂದು ಮಾತು. ಟೂರ್ನಮೆಂಟಿಗೆ ಬೆಂಗಳೂರಿಗೋ ಮಂಗಳೂರಿಗೋ ಕರೆದೊಯ್ದು ರಾತ್ರಿ ತಂಗುವುದಾದರೆ ಹೆಣ್ಣುಮಕ್ಕಳ ಜೊತೆ ಒಬ್ಬ ಮಹಿಳೆ ಇರಲೇಬೇಕು, ಯಾವ ಬೋಧಕರೂ ಮಕ್ಕಳ ಕೋಣೆಯಲ್ಲಿ ಮಲಗಬಾರದು ಎಂಬುದನ್ನು ದಯವಿಟ್ಟು ಬರೆಯಿರಿ. ಖರ್ಚು ನಮ್ಮದಾಗಲಿ.

ಹೊಸ ಬೋಧಕ, ಚನ್ನರಾಯಪಟ್ಟಣ

ಹಿರಿಯರ ಉದ್ದೇಶವನ್ನು ಗೌರವಿಸುತ್ತೇನೆ, ಆದರೆ ಕೆಲವು ಕಷ್ಟಗಳನ್ನು ಹೇಳದೆ ಇರಲಾರೆ. ನಾನು ಬಾಡಿಗೆಯ ಹಾಲ್‌ನಲ್ಲಿ ವಾರಕ್ಕೆ ಮೂರು ಸಂಜೆ ಕಲಿಸುತ್ತೇನೆ. ಆರು ತಿಂಗಳಾದರೂ ಬೆಲ್ಟ್ ಬದಲಾಗದಿದ್ದರೆ ಮಗುವನ್ನು ಬಿಡಿಸಿ, ಮೂರೇ ತಿಂಗಳಿಗೆ ಬಣ್ಣ ಬದಲಿಸುವ ಪಕ್ಕದ ತರಗತಿಗೆ ಸೇರಿಸುವವರೂ ಪೋಷಕರೇ. ಒಮ್ಮೆ ಕಟಾ (ನಿಗದಿತ ಚಲನೆಗಳ ಸರಣಿ) ಸರಿಯಾಗಿ ಬಾರದ ಹುಡುಗನನ್ನು ಪರೀಕ್ಷೆಯಲ್ಲಿ ಪಾಸು ಮಾಡದೆ ಹಳೆಯ ಬೆಲ್ಟಿನಲ್ಲೇ ಉಳಿಸಿಕೊಂಡೆ. ಮರುವಾರ ಅವನ ಜೊತೆಗೆ ಅವನ ನಾಲ್ವರು ಗೆಳೆಯರೂ ಹೋದರು. ನಿಯಮಕ್ಕೆ ಸಹಿ ಹಾಕಿದವನು ನಷ್ಟ ಅನುಭವಿಸಿ, ಹಾಕದವನು ಬೆಳೆಯುವುದಾದರೆ ಯಾರು ಹಾಕುತ್ತಾರೆ?

ಮುಟ್ಟುವ ವಿಷಯವೂ ಬರೆದಷ್ಟು ಸರಳವಲ್ಲ. ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವುದನ್ನು ಹಿಡಿಯದೆ ಕಲಿಸುವುದು ಹೇಗೆ? ಸೊಂಟದ ತಿರುವು ತಪ್ಪಿದಾಗ ಬಾಯಲ್ಲಿ ಹತ್ತು ಸಲ ಹೇಳಿದರೂ ಆಗದ್ದು ಒಂದು ಸಲ ತಿರುಗಿಸಿದರೆ ಆಗುತ್ತದೆ. ಈಗ ನನ್ನಂಥವನು ಪ್ರತಿ ಹೆಣ್ಣುಮಗುವಿನ ಮುಂದೆ ಅಂಜಿ ನಿಂತರೆ ಕಲಿಕೆ ಕೆಡುತ್ತದೆ. ಮೂವರು ಹಿರಿಯರ ಸಮಿತಿ ಇರುವುದಾದರೆ ಮಾತ್ರ ನನಗೆ ಧೈರ್ಯ, ಏಕೆಂದರೆ ಸುಳ್ಳು ದೂರು ಬಂದಾಗ ಕಲೆಯನ್ನು ಬಲ್ಲವರೇ ತೂಗಿ ನೋಡುತ್ತಾರೆ.

ವಕೀಲೆ, ಹಾಸನ

ಶಾಲೆಯಲ್ಲಿದ್ದಾಗ ಆರು ವರ್ಷ ಕರಾಟೆ ಕಲಿತವಳು ನಾನು, ಆದ್ದರಿಂದ ಈ ಚರ್ಚೆ ನೋಡಿ ಸಂತೋಷವಾಯಿತು. ಆದರೆ ಕರಡಿನ ಕೊನೆಯ ನಿಯಮವನ್ನು ಇರುವಂತೆಯೇ ಜಾರಿಗೆ ತಂದರೆ ಒಳ್ಳೆಯ ಮನಸ್ಸಿನ ಮೂವರು ಹಿರಿಯರು ಆರೋಪಿಗಳಾಗಿ ನಿಲ್ಲಬೇಕಾದೀತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದಿರುವ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ಅದನ್ನು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ‘ಮೊದಲು ನಾವು ವಿಚಾರಿಸಿ ನೋಡುತ್ತೇವೆ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ತಿಳಿಸದಿದ್ದವರಿಗೆ 21ನೇ ಕಲಮಿನಡಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಬೋಧಕನಂತೆ ಮಗುವಿನ ವಿಶ್ವಾಸ ಅಥವಾ ಅಧಿಕಾರದ ಸ್ಥಾನದಲ್ಲಿರುವವನು ಲೈಂಗಿಕ ಉದ್ದೇಶದಿಂದ ಮಗುವನ್ನು ಮುಟ್ಟಿದರೆ ಅದು ಸಾಮಾನ್ಯ ಅಪರಾಧವೂ ಅಲ್ಲ, 9ನೇ ಕಲಮಿನ ಉಗ್ರ ಸ್ವರೂಪದ್ದು. ಶಿಕ್ಷೆ ಐದರಿಂದ ಏಳು ವರ್ಷ. ಅದೇ ಉದ್ದೇಶದಿಂದ ಮಗುವಿಗೆ ಮತ್ತೆ ಮತ್ತೆ ಫೋನಿನಲ್ಲಿ ಸಂದೇಶ ಕಳುಹಿಸುವುದೂ 11ನೇ ಕಲಮಿನಡಿ ಬರುತ್ತದೆ. ಹಾಗಾಗಿ ಸಂದೇಶಗಳ ಬಗ್ಗೆ ಮೇಷ್ಟ್ರು ಬರೆದ ನಿಯಮ ಶಿಷ್ಟಾಚಾರದ ಮಾತಷ್ಟೇ ಅಲ್ಲ.

ಚನ್ನರಾಯಪಟ್ಟಣದವರ ಅಂಜಿಕೆಗೂ ಉತ್ತರವಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ, ಬೇಕೆಂದೇ ಸುಳ್ಳು ದೂರು ಕೊಟ್ಟ ವಯಸ್ಕರಿಗೆ 22ನೇ ಕಲಮಿನಡಿ ಶಿಕ್ಷೆ ಇದೆ. ಆದರೆ ಸತ್ಯ ಯಾವುದು, ಸುಳ್ಳು ಯಾವುದು ಎಂದು ತೀರ್ಮಾನಿಸುವವರು ಬ್ಲ್ಯಾಕ್ ಬೆಲ್ಟ್ ಕಟ್ಟಿದವರಲ್ಲ. ಸಮಿತಿಯ ಮುಂದೆ ಮಗುವನ್ನು ಕೂರಿಸಿ ಪ್ರಶ್ನೆ ಕೇಳುವುದು, ಬೋಧಕನ ಎದುರು ನಿಲ್ಲಿಸುವುದು, ಗುಂಪಿನಲ್ಲಿ ಹೆಸರು ಹಾಕುವುದು – ಇವು ಮೂರೂ ಅಪಾಯಕಾರಿ. ಮಗುವಿನ ಗುರುತು ಬಹಿರಂಗಪಡಿಸುವುದು ತಾನೇ ಒಂದು ಅಪರಾಧ.

ವಯಸ್ಕ ವಿದ್ಯಾರ್ಥಿನಿಯರು, ಸಹಾಯಕ ಬೋಧಕಿಯರ ವಿಷಯ ಬೇರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕ್ರೀಡಾ ತರಬೇತಿಯ ಸ್ಥಳಗಳನ್ನೂ ಕೆಲಸದ ಸ್ಥಳವೆಂದೇ ಹೇಳುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಆಂತರಿಕ ಸಮಿತಿ ಇರುವುದಿಲ್ಲವಾದ್ದರಿಂದ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತಮ್ಮ ಮೂವರು ಹಿರಿಯರು ಶುಲ್ಕ, ಬೆಲ್ಟ್, ಬೈಗುಳ, ಸಮಯಪಾಲನೆ ಮುಂತಾದ ತಕರಾರುಗಳನ್ನು ಖಂಡಿತ ನೋಡಿಕೊಳ್ಳಲಿ. ಅದರಲ್ಲಿಯೂ ಮೂವರೂ ಬೋಧಕರೇ ಏಕೆ? ಒಬ್ಬ ಪೋಷಕರು, ಕಲೆಗೆ ಸಂಬಂಧವಿಲ್ಲದ ಒಬ್ಬ ಮಹಿಳೆ ಇರಲಿ.

ಸಾಲಗಾಮೆ ರಸ್ತೆಯ ಕರಾಟೆ ಶಿಕ್ಷಕ

ಮೇಡಂ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ನಿಯಮವೇ ಕರಡಿನಲ್ಲಿ ಅತ್ಯಂತ ಜವಾಬ್ದಾರಿಯುತವಾದದ್ದು ಎಂದು ನಾನು ತಿಳಿದಿದ್ದೆ. ತೆಗೆದುಹಾಕಿ ಹೊಸದಾಗಿ ಬರೆಯುತ್ತೇನೆ.

ಗರಡಿಯ ಹಳಬ

ನನಗೆ 68 ವರ್ಷ. ಕರಾಟೆ ನನಗೆ ಬರುವುದಿಲ್ಲ. ಗರಡಿಯ ಮಟ್ಟಿಯಲ್ಲಿ ಬೆಳೆದವನು. ನಮ್ಮ ಕಾಲದಲ್ಲಿ ಯಾವ ಕಾಗದವೂ ಇರಲಿಲ್ಲ, ಉಸ್ತಾದರ ಮಾತೇ ಕಾಗದ. ಹಾಗೆಂದು ‘ಆಗ ಎಲ್ಲ ಚೆನ್ನಾಗಿತ್ತು’ ಎಂದು ಹೇಳಲು ನಾನು ಬಂದಿಲ್ಲ. ಉಸ್ತಾದರು ಅದೇ ಬೀದಿಯವರು. ಅವರ ಮನೆ, ಮಕ್ಕಳು, ಸಾಲ, ಕುಡಿತ, ಎಲ್ಲವೂ ಬೀದಿಗೆ ಗೊತ್ತಿತ್ತು. ಬೆಳಿಗ್ಗೆ ಹುಡುಗನಿಗೆ ಕೈಮೀರಿ ಹೊಡೆದರೆ ಸಂಜೆಯೊಳಗೆ ಹುಡುಗನ ಅಜ್ಜಿ ಗರಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಈಗಿನ ಬೋಧಕರು ಬೇರೆ ಊರಿನಿಂದ ಬೈಕಿನಲ್ಲಿ ಬಂದು, ಕಲ್ಯಾಣ ಮಂಟಪದ ಮಹಡಿಯಲ್ಲೋ ಶಾಲೆಯ ಹಾಲ್‌ನಲ್ಲೋ ಒಂದು ಗಂಟೆ ಕಲಿಸಿ ಹೋಗುತ್ತಾರೆ. ಅವರ ಬಗ್ಗೆ ನಮಗೆ ತಿಳಿದಿರುವುದು ಬ್ಯಾನರಿನ ಮೇಲಿನ ಫೋಟೋ ಮಾತ್ರ. ಬೀದಿಯ ಕಣ್ಣು ಹೋದ ಮೇಲೆ ಆ ಜಾಗಕ್ಕೆ ಕಾಗದ ಬರಬೇಕಾಗಿದೆ ಎಂದು ನನ್ನ ಅಭಿಪ್ರಾಯ. ಇನ್ನು, ಆ ಬೀದಿಯ ಕಣ್ಣು ಹೆಣ್ಣುಮಕ್ಕಳನ್ನು ಎಷ್ಟು ಕಾಯುತ್ತಿತ್ತೋ ನಾನು ಹೇಳಲಾರೆ, ಏಕೆಂದರೆ ನಮ್ಮ ಗರಡಿಗೆ ಅವರು ಬರುತ್ತಲೇ ಇರಲಿಲ್ಲ.

ಚನ್ನರಾಯಪಟ್ಟಣದ ತಮ್ಮನವರಿಗೆ ಒಂದು ಮಾತು. ಗರಡಿಯಲ್ಲಿ ಜೋಡಿ ಕಟ್ಟುವುದು ಎಂದು ಒಂದು ಕೆಲಸವಿದೆ: ಯಾರ ಎದುರು ಯಾರನ್ನು ಬಿಡಬೇಕು ಎಂದು ತೂಕ, ವಯಸ್ಸು, ಪಟ್ಟುಗಳ ಅನುಭವ ನೋಡಿ ನಿರ್ಧರಿಸುವುದು. ನಮ್ಮ ಉಸ್ತಾದರ ಮಾನ ನಿಂತಿದ್ದುದು ಅವರು ಗೆದ್ದ ಕುಸ್ತಿಗಳಿಂದಲ್ಲ; ತಪ್ಪು ಜೋಡಿ ಕಟ್ಟಿ ಯಾವ ಹುಡುಗನ ಕೈಯನ್ನೂ ಮುರಿಸಲಿಲ್ಲ ಎಂಬುದರಿಂದ. ಬೆಲ್ಟ್ ಬಣ್ಣ ಬೇಗ ಬದಲಿಸಿದರೆ ನಿಮ್ಮಲ್ಲಿ ಜೋಡಿಯೂ ತಪ್ಪುವುದಿಲ್ಲವೇ? ಮೂರು ತಿಂಗಳಿಗೆ ಬಣ್ಣ ಪಡೆದವನನ್ನು, ಅದೇ ಬಣ್ಣಕ್ಕೆ ಎರಡು ವರ್ಷ ಬೆವರಿದವನ ಎದುರು ನಿಲ್ಲಿಸುತ್ತೀರಿ. ಅದು ವ್ಯಾಪಾರದ ತಪ್ಪಾಗಿ ಉಳಿಯುವುದಿಲ್ಲ, ಮೂಗಿನ ಮೂಳೆಯ ವಿಷಯವಾಗುತ್ತದೆ.

ಟೇಕ್ವಾಂಡೋ ಬೋಧಕಿ, ಸಕಲೇಶಪುರ

ಹಿರಿಯರು ಹೇಳಿದ ಜೋಡಿಯ ಮಾತನ್ನು ನಮ್ಮ ತರಗತಿಯ ಗೋಡೆಗೆ ಬರೆಸಬೇಕೆನಿಸಿತು. ಮುಟ್ಟುವ ಪ್ರಶ್ನೆಗೆ ನನ್ನ ರೂಢಿಯನ್ನು ಹೇಳುತ್ತೇನೆ. ಹಿಡಿತ ಬಿಡಿಸುವ ಪಾಠದಲ್ಲಿ ಮಗುವಿನ ಮಣಿಕಟ್ಟನ್ನು ನಾನಾಗಲಿ, ನನ್ನ ಸಹಾಯಕ ಹುಡುಗನಾಗಲಿ ಹಿಡಿಯುವುದಿಲ್ಲ. ಅದೇ ವಯಸ್ಸಿನ, ಅವಳೇ ಆರಿಸಿಕೊಂಡ ಜೊತೆಗಾತಿ ಹಿಡಿಯುತ್ತಾಳೆ. ತೋರಿಸಬೇಕಾದಾಗ ನಾನು ಹಿಡಿಸಿಕೊಳ್ಳುವವಳಾಗುತ್ತೇನೆ, ಮಗು ನನ್ನನ್ನು ಹಿಡಿಯುತ್ತದೆ. ಕಾಲಿನ ಅಂತರ, ಹಿಮ್ಮಡಿಯ ದಿಕ್ಕು ತಿದ್ದಲು ನೆಲದ ಮೇಲೆ ಸೀಮೆಸುಣ್ಣದ ಗೆರೆ ಸಾಕು. ಸೊಂಟದ ತಿರುವಿಗೆ ಮಗು ತನ್ನ ಎರಡೂ ಕೈಗಳನ್ನು ತನ್ನ ಸೊಂಟದ ಮೇಲಿಟ್ಟು ತಿರುಗಿದರೆ ಅದಕ್ಕೇ ತಪ್ಪು ತಿಳಿಯುತ್ತದೆ. ಮುಟ್ಟಲೇಬೇಕಾದಾಗ ‘ಈಗ ನಿನ್ನ ಮೊಣಕೈ ಎತ್ತುತ್ತೇನೆ, ಆಗಬಹುದೇ?’ ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳುತ್ತೇನೆ. ಬೇಡ ಎಂದ ಮಗುವನ್ನು ಏಕೆ ಎಂದು ಕೇಳುವುದಿಲ್ಲ. ಆತ್ಮರಕ್ಷಣೆ ಕಲಿಸುವ ಜಾಗದಲ್ಲೇ ‘ಬೇಡ’ ಎನ್ನಲು ಮಗುವಿಗೆ ಅವಕಾಶವಿಲ್ಲದಿದ್ದರೆ ನಾವು ಕಲಿಸುವ ಒದೆತದಿಂದ ಏನು ಬಂತು? ಇದರಿಂದ ಕಲಿಕೆ ನಿಧಾನವಾಗುತ್ತದೆಯೇ ಎಂದರೆ, ಹೌದು, ಮೊದಲ ಎರಡು ತಿಂಗಳು ಆಗುತ್ತದೆ.

ಬೆಲ್ಟಿನ ಬಗ್ಗೆಯೂ ಒಂದು ಮಾತು. ಕುಕ್ಕಿವಾನ್ ಪದ್ಧತಿಯಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ದಾನ್ ಕೊಡುವುದಿಲ್ಲ, ಪೂಮ್ ಎಂಬ ಕಿರಿಯರ ದರ್ಜೆ ಕೊಡುತ್ತಾರೆ. ಅದರ ಪಟ್ಟಿ ಕೆಂಪು ಮತ್ತು ಕಪ್ಪು. ‘ಹತ್ತು ವರ್ಷಕ್ಕೇ ಬ್ಲ್ಯಾಕ್ ಬೆಲ್ಟ್’ ಎಂಬ ಬ್ಯಾನರು ನೋಡಿ ಬರುವ ಪೋಷಕರಿಗೆ ಇದನ್ನು ವಿವರಿಸಿದಾಗ ನಿರಾಸೆಯಾಗುತ್ತದೆ. ಆಗಲಿ ಬಿಡಿ.

ದೈಹಿಕ ಶಿಕ್ಷಣ ಶಿಕ್ಷಕ, ಅರಸೀಕೆರೆ

ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಎಂದು 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಕಾರ್ಯಕ್ರಮ ನಡೆಯುತ್ತದೆ. ಕಲಿಸಲು ಬರುವ ಬೋಧಕರಲ್ಲಿ ಒಳ್ಳೆಯವರೇ ಹೆಚ್ಚು. ಆದರೆ ಮೂರು ತಿಂಗಳು ಮುಗಿದ ದಿನ ‘ಇನ್ನು ನೀವು ಯಾರಿಗೂ ಹೆದರಬೇಕಿಲ್ಲ’ ಎಂದು ಮಕ್ಕಳಿಗೆ ಹೇಳುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಕೊಡಲಾಗದ ಭರವಸೆ ಕೊಡುವುದೂ ನಡವಳಿಕೆಯ ತಪ್ಪೇ. ತಪ್ಪಿಸಿಕೊಂಡು ಓಡುವುದು, ಕೂಗುವುದು, 112ರ ತುರ್ತು ಸಹಾಯವಾಣಿಗೋ 1098ರ ಮಕ್ಕಳ ಸಹಾಯವಾಣಿಗೋ ಕರೆ ಮಾಡುವುದು ಮೊದಲ ಪಾಠ, ಹೊಡೆಯುವುದು ಆಮೇಲೆ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮು ಕೂಡ ಆತ್ಮರಕ್ಷಣೆಗೆ ಎಷ್ಟು ಅಗತ್ಯವೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ. ಇದನ್ನು ಹೇಳಿಕೊಡುವ ಬೋಧಕರು ವಿರಳ. ನಮ್ಮ ಜಿಲ್ಲೆಯ ಮಕ್ಕಳಿಗೆ ಬೇಲೂರಿನ ಗುಡಿಯ ಬಾಗಿಲ ಪಕ್ಕದಲ್ಲಿರುವ ಸಳನ ಶಿಲ್ಪವನ್ನು ತೋರಿಸಿಯೇ ಇದನ್ನು ವಿವರಿಸಬಹುದು: ಕಥೆಯಲ್ಲಿ ಸುದತ್ತ ಮುನಿ ‘ಹೊಯ್ ಸಳ’ ಎಂದದ್ದು ಹುಲಿ ಮೇಲೆರಗಿ ಬಂದಾಗ, ಹುಲಿ ಕಾಡಿನಲ್ಲಿ ತನ್ನ ಪಾಡಿಗೆ ತಾನಿದ್ದಾಗ ಅಲ್ಲ.

ಕರಡಿನಲ್ಲಿ ಪೆಟ್ಟಿನ ಬಗ್ಗೆ ಏನೂ ಇಲ್ಲದಿರುವುದು ಆಶ್ಚರ್ಯ. ಪಂದ್ಯ ನಿಲ್ಲಿಸುವ ಅಧಿಕಾರ ಯಾರದು? ಶಿಷ್ಯ ಗೆಲ್ಲುವ ಹಂತದಲ್ಲಿದ್ದಾಗ ಬೋಧಕ ಸ್ವತಃ ನಿಲ್ಲಿಸುತ್ತಾನೆಯೇ?

ಸಾಲಗಾಮೆ ರಸ್ತೆಯ ಕರಾಟೆ ಶಿಕ್ಷಕ

ಇಲ್ಲ, ನಿಲ್ಲಿಸಲಿಲ್ಲ. ಕರಡಿನಲ್ಲಿ ಅದು ಇಲ್ಲದಿರುವುದಕ್ಕೂ ಅದೇ ಕಾರಣವಿರಬೇಕು.

ಒಂಬತ್ತು ವರ್ಷಗಳ ಹಿಂದೆ ಅಂತರಶಾಲಾ ಪಂದ್ಯವೊಂದರಲ್ಲಿ ನನ್ನ ವಿದ್ಯಾರ್ಥಿಗೆ, ಆಗ ಅವನಿಗೆ 13 ವರ್ಷ, ಕಿವಿಯ ಮೇಲ್ಭಾಗಕ್ಕೆ ಒದೆ ಬಿತ್ತು. ಎದ್ದು ನಿಂತ, ಅಂಕ ಎಷ್ಟು ಎಂದು ನನ್ನನ್ನೇ ಎರಡು ಸಲ ಕೇಳಿದ. ಅದು ಉತ್ಸಾಹ ಎಂದುಕೊಂಡೆ. ಸೆಮಿಫೈನಲ್ ಆಡಿಸಿದೆ, ಗೆದ್ದ, ಫೈನಲ್ಲೂ ಆಡಿಸಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಎರಡು ಸಲ ವಾಂತಿ ಮಾಡಿಕೊಂಡ. ಪ್ರಯಾಣದಿಂದ ಎಂದುಕೊಂಡೆವು. ರಾತ್ರಿ ಅವನ ತಂದೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಅದನ್ನು ಕನ್ಕಷನ್ ಎಂದರು, ಅಂದರೆ ತಲೆಯ ಪೆಟ್ಟಿನಿಂದ ಮೆದುಳು ಅಲುಗಿದ ಸ್ಥಿತಿ. ಕೇಳಿದ್ದನ್ನೇ ಕೇಳುವುದು ಅದರ ಲಕ್ಷಣ, ಅಂಥ ಮಗುವನ್ನು ಅದೇ ದಿನ ಮತ್ತೆ ಆಡಿಸಲೇಬಾರದು, ಎರಡನೆಯ ಪೆಟ್ಟು ಪ್ರಾಣಕ್ಕೇ ಕುತ್ತಾಗಬಹುದು ಎಂದು ಅವರು ವಿವರಿಸಿದಾಗ ಅವನ ಪದಕ ನನ್ನ ಚೀಲದಲ್ಲಿಯೇ ಇತ್ತು. ಹುಡುಗ ಚೇತರಿಸಿಕೊಂಡ, ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಂದೆ ನನಗೆ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಆ ದಿನ ನನ್ನ ಬಳಿ ಮೂರನೆಯ ದಾನ್ ಇತ್ತು, ತೀರ್ಪುಗಾರನ ಪರವಾನಗಿಯೂ ಇತ್ತು.

ಹೊಸ ನಿಯಮ ಹೀಗಿರಲಿ: ತಲೆಗೆ ಪೆಟ್ಟಾಗಿ ಮಂಕು, ತಲೆಸುತ್ತು, ವಾಂತಿ, ಕೇಳಿದ್ದನ್ನೇ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಮಗು ಆ ದಿನ ಮತ್ತೆ ಅಂಕಣಕ್ಕೆ ಇಳಿಯುವಂತಿಲ್ಲ, ಪೋಷಕರಿಗೆ ಆ ಕ್ಷಣವೇ ಕರೆ ಮಾಡಬೇಕು, ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮರಳಿ ತರಗತಿಗೆ ಸೇರಿಸಿಕೊಳ್ಳಬಾರದು. ನಿಲ್ಲಿಸುವ ಅಧಿಕಾರ ತೀರ್ಪುಗಾರ, ಬೋಧಕ, ಪೋಷಕ, ಮಗು ನಾಲ್ವರಿಗೂ ಇದೆ. ನಿಲ್ಲಿಸಿದವರನ್ನು ಯಾರೂ ಪ್ರಶ್ನಿಸಬಾರದು.

ಹೊಸ ಬೋಧಕ, ಚನ್ನರಾಯಪಟ್ಟಣ

ಸರ್, ಇದನ್ನು ಬರೆಯಲು ತಮಗೆ ಸುಲಭವಾಗಿರಲಿಲ್ಲ ಎಂದು ಬಲ್ಲೆ. ಹೆಡ್‌ಗಾರ್ಡ್ ಇದ್ದರೆ ತಲೆಗೆ ಏನೂ ಆಗುವುದಿಲ್ಲ ಎಂದೇ ನಾನು ಇದುವರೆಗೆ ಪೋಷಕರಿಗೆ ಹೇಳುತ್ತಿದ್ದೆ. ಮೇಡಂ ಅವರ ಸೀಮೆಸುಣ್ಣದ ಗೆರೆಯನ್ನು ನಿನ್ನೆಯೇ ಪ್ರಯತ್ನಿಸಿದೆ. ಹುಡುಗರು ಅದನ್ನು ಕುಂಟೆಬಿಲ್ಲೆ ಎಂದುಕೊಂಡರು, ಆದರೂ ನಿಲುವು ಸರಿಯಾಯಿತು. ಸಹಿ ಹಾಕುತ್ತೇನೆ. ಶುಲ್ಕದ ಭಾಗವನ್ನು ಮಾತ್ರ ಪೋಷಕರೂ ಒಂದು ಸಾಲಿನಲ್ಲಿ ಒಪ್ಪಿ ಸಹಿ ಮಾಡಬೇಕು: ಪರೀಕ್ಷೆಯಲ್ಲಿ ಮಗು ಉಳಿದರೆ ಬೋಧಕನ ಮೇಲೆ ಒತ್ತಡ ತರುವುದಿಲ್ಲ ಎಂದು. ನಡವಳಿಕೆ ಒಂದೇ ಕಡೆಯಿಂದ ಬರುವಂಥದ್ದಲ್ಲ.

ವಿದ್ಯಾನಗರದ ತಾಯಿ

ಆ ಸಾಲಿಗೆ ನಾನು ಮೊದಲ ಸಹಿ ಮಾಡುತ್ತೇನೆ. ಕಳೆದ ವರ್ಷ ಮಗಳ ಬೆಲ್ಟ್ ತಡವಾದಾಗ ನಾನೇ ಎರಡು ಸಲ ಫೋನ್ ಮಾಡಿದ್ದೆ. ಮೇಷ್ಟ್ರೇ, ಬಾಗಿಲ ವಿಷಯ ಏನಾಯಿತು?

ಸಾಲಗಾಮೆ ರಸ್ತೆಯ ಕರಾಟೆ ಶಿಕ್ಷಕ

ವಕೀಲೆ ಮೇಡಂ ತಿದ್ದಿಕೊಟ್ಟ ದೂರಿನ ನಿಯಮ ಈಗ ಹೀಗಿದೆ: ‘ಮಗುವಿನ ಸುರಕ್ಷತೆಗೆ ಸಂಬಂಧಿಸಿದ ಯಾವುದೇ ಸಂಶಯವನ್ನು ತಿಳಿದವರು ನೇರವಾಗಿ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಬೇಕು. ಇದಕ್ಕೆ ಬೋಧಕರ, ಸಮಿತಿಯ, ಸಂಸ್ಥೆಯ ಅನುಮತಿ ಬೇಕಿಲ್ಲ. ತನಿಖೆ ಮುಗಿಯುವವರೆಗೆ ಸಂಬಂಧಿಸಿದ ಬೋಧಕರು ತರಗತಿಯಿಂದ ದೂರವಿರುತ್ತಾರೆ.’ ಇತರ ತಕರಾರುಗಳಿಗೆ ಐವರ ಸಮಿತಿ. ಅದರಲ್ಲಿ ಇಬ್ಬರು ಪೋಷಕರು, ಒಬ್ಬರು ಕಲೆಗೆ ಹೊರಗಿನ ಮಹಿಳೆ. ಹಾಳೆಯನ್ನು ಪ್ರಮಾಣಪತ್ರದ ಪಕ್ಕದಲ್ಲಿ ತೂಗುಹಾಕುವುದಿಲ್ಲ, ಪೋಷಕರು ಚಪ್ಪಲಿ ಬಿಡುವ ಜಾಗದಲ್ಲಿ ಅಂಟಿಸುತ್ತೇವೆ.

ಬಾಗಿಲಿನ ವಿಷಯ: ನಮ್ಮ ಹಾಲ್‌ನದು ಹಳೆಯ ಹಲಸಿನ ಬಾಗಿಲು, ತೆಗೆಸಲು ಮಾಲೀಕರು ಒಪ್ಪಲಿಲ್ಲ. ಬಡಗಿಯನ್ನು ಕರೆಸಿ ಮೇಲಿನ ಎರಡು ಹಲಗೆಗಳನ್ನು ಬಿಡಿಸಿ ಗಾಜು ಕೂರಿಸಿದೆ. ಇಂದು ಸಂಜೆ ಪಾಠದ ಉದ್ದಕ್ಕೂ ಅರ್ಧದಷ್ಟು ಮಕ್ಕಳು ಗಾಜಿನ ಆಚೆ ನಿಂತ ತಮ್ಮ ಅಜ್ಜ-ಅಜ್ಜಿಯರನ್ನೇ ನೋಡುತ್ತಿದ್ದರು, ಕಟಾ ಪೂರ್ತಿ ಕೆಟ್ಟಿತು. ನಾಳೆಯಿಂದ ಸಾಲನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸುತ್ತೇನೆ. ಆಗ ಬಾಗಿಲಿಗೆ ಮುಖ ಮಾಡಿ ನಿಲ್ಲುವವನು ನಾನೊಬ್ಬನೇ.